ಉಕ್ಕಿನ ಬಳೆಗೆ ಲೆಕ್ಕದ ಬಲ
ಮನೆಯ ವರ್ಕ್‌ಶಾಪಿನಲ್ಲಿ ದಪ್ಪ ಉಕ್ಕಿನ ಪಟ್ಟಿಯನ್ನು ಬಳೆಯಾಗಿ ಬಗ್ಗಿಸುವವರು ಒತ್ತಲು ಜಾಕ್ ಇರುವ ಮೂರು ರೋಲರಿನ ಯಂತ್ರವನ್ನೇ ನಂಬಬೇಕು. ಬಗ್ಗುವಾಗ ಪಟ್ಟಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದಿರುವುದು ನಡುವಿನ ಪದರ ಮಾತ್ರ. ಹಾಗಾಗಿ 12 ಮಿ.ಮೀ. ದಪ್ಪದ ಪಟ್ಟಿಯಿಂದ 600 ಮಿ.ಮೀ. ಒಳವ್ಯಾಸದ ಬಳೆಗೆ ನಡುವಿನ ಪದರದ ವ್ಯಾಸವಾದ 612ರ ಲೆಕ್ಕದಲ್ಲಿ ಸುಮಾರು 1,923 ಮಿ.ಮೀ. ಉದ್ದ ಬೇಕು. ಒಳವ್ಯಾಸವನ್ನೇ ಹಿಡಿದು ಕತ್ತರಿಸಿದರೆ 38 ಮಿ.ಮೀ.ಯಷ್ಟು ಕಡಿಮೆ ಬೀಳುತ್ತದೆ. ರೋಲರಿಗೆ ಸಿಗದ ತುದಿಗಳು ನೇರವಾಗಿಯೇ ಉಳಿಯುವುದರಿಂದ ಆ ತುದಿಗಳಷ್ಟು ಉದ್ದ ಹೆಚ್ಚುವರಿ ಬಿಟ್ಟು, ಕೊನೆಗೆ ಕತ್ತರಿಸಬೇಕು.

ಕಾಯಿಸಿ ಬಡಿದರೆ ಬೇಗ ಆಗದೇ ಎಂದು ಕೇಳುವವರಿದ್ದಾರೆ. ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರು ಬೆಂಕಿ ಹಾಕುವುದು ನಿಜ. ಆದರೆ ಅವರು ಇಡೀ ಪಟ್ಟಿಯನ್ನು ಸಮನಾಗಿ ಕಾಯಿಸುವುದು ಅದನ್ನು ಹಿಗ್ಗಿಸಲು. ಟಾರ್ಚಿನಿಂದ ಒಂದೊಂದೇ ಕಡೆ ಕಾಯಿಸಿದರೆ ಕಾದ ಜಾಗವೇ ಹೆಚ್ಚು ಬಾಗಿ ಮೂಲೆ ಮೂಡುತ್ತದೆ. ಹಾಗಾಗಿ ಯಂತ್ರದಲ್ಲೇ ಜಾಕನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡಿ, ಪ್ರತಿ ಸಲವೂ ಅಳತೆ ನೋಡಿ. ಅವಸರದಲ್ಲಿ ಹೆಚ್ಚು ಬಾಗಿದ ಪಟ್ಟಿಯನ್ನು ಬಿಡಿಸುವುದು ಬಗ್ಗಿಸುವುದಕ್ಕಿಂತ ಕಷ್ಟ.