ಆಳುಗಳು ಬೇಕಾಗಿದ್ದಾರೆ

ಶಿವರಾತ್ರಿ ಕಳೆದು ಚಳಿ ‘ಶಿವ ಶಿವಾ’ ಎಂದು ಹೊರಟುಹೋಯಿತೆಂದರೆ ನಮ್ಮಲ್ಲಿ ಎರಡು ಬಗೆಯ ಸಿದ್ಧತೆಗಳು ಮೊದಲಾಗುವುವು. ಮನೆಗಳಲ್ಲಿ ಹಪ್ಪಳ ಸಂಡಿಗೆಗಳ ಸಿದ್ಧತೆ ಒಂದು. ಊರ ಹೊರಗಿನ ತಂಪುಪಾನೀಯದ ಕಾರ್ಖಾನೆಗಳಲ್ಲಿ ಆಳುಗಳನ್ನು ಸೇರಿಸಿಕೊಳ್ಳುವ ಸಿದ್ಧತೆ ಇನ್ನೊಂದು. ಬೇಸಗೆಯ ಮೂರು ನಾಲ್ಕು ತಿಂಗಳು ಜನರ ಬಾಯಾರಿಕೆ ಹೆಚ್ಚುವುದರಿಂದ ಸೀಸೆ ತುಂಬುವ ಯಂತ್ರಗಳು ಹಗಲಿರುಳೂ ಓಡಬೇಕಾಗುವುದು. ಯಂತ್ರ ಓಡಬೇಕಾದರೆ ಅದರ ಮಗ್ಗುಲಲ್ಲಿ ಮನುಷ್ಯರು ನಿಲ್ಲಬೇಕಷ್ಟೆ. ಆದುದರಿಂದ ಕಾರ್ಖಾನೆಯ ಬಾಗಿಲಲ್ಲಿ ‘ಆಳುಗಳು ಬೇಕಾಗಿದ್ದಾರೆ’ ಎಂಬ ಹಲಗೆ ತೂಗುವುದು; ಮೇಸ್ತ್ರಿಗಳು ಹಳ್ಳಿ ಹಳ್ಳಿಗೂ ಹೋಗಿ ಮನೆಮನೆಯ ಬಾಗಿಲು ತಟ್ಟುವರು.

ಹೀಗೆ ಮೇಸ್ತ್ರಿಯೊಬ್ಬನು ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿದು ಸಂಸಾರವನ್ನು ಸಾಗಿಸುತ್ತಿರುವ ಒಬ್ಬ ಗೃಹಿಣಿಯ ಮನೆಗೂ ಬಂದಿದ್ದನಂತೆ. ಆಕೆಯ ಎರಡನೆಯ ಮಗಳು ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಾಳೆ. ಮರುದಿನ ಸಂಜೆ ಆಕೆ ನಮ್ಮ ಜಗಲಿಗೆ ಬಂದು, “ಯಜಮಾನರೆ, ನೀವು ಅಂಥದೇ ಕಾರ್ಖಾನೆಯಲ್ಲಿ ಇದ್ದವರಲ್ಲವೆ? ಹುಡುಗಿಯನ್ನು ಕಳುಹಿಸಬಹುದೋ ಬಾರದೋ, ಒಂದು ಮಾತು ಹೇಳಿ” ಎಂದು ಕೇಳಿದಳು. ಹೌದು ಎಂದಾಗಲಿ ಇಲ್ಲ ಎಂದಾಗಲಿ ನನ್ನ ಬಾಯಿಂದ ಕೂಡಲೆ ಹೊರಡಲಿಲ್ಲ. ಏಕೆ ಹೊರಡಲಿಲ್ಲವೆಂಬುದನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಕೆಲಸ ಎಂಥದೆಂಬುದನ್ನು ತಿಳಿಯೋಣ. ನಮ್ಮ ಬಾಲ್ಯದಲ್ಲಿ ಸೋಡಾ ಅಂಗಡಿಯೆಂದರೆ ಒಬ್ಬನೇ ಯಜಮಾನ, ಒಬ್ಬನೇ ಆಳು; ಅನೇಕ ಕಡೆ ಇಬ್ಬರೂ ಒಬ್ಬನೇ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ೧೮೭೨ರಲ್ಲಿ ಹಕ್ಕುಪತ್ರ ಪಡೆದ ಗೋಲಿ ಸೀಸೆಯನ್ನು ಚೌಕಟ್ಟಿಗೆ ಸಿಕ್ಕಿಸಿ, ಇಂಗಾಲಾಮ್ಲ ವಾಯುವನ್ನು ತುಂಬಿ, ತಲೆಕೆಳಗಾಗಿ ತಿರುಗಿಸಿದರೆ ಒಳಗಿನ ಒತ್ತಡದಿಂದ ಗೋಲಿಯೇ ಬಿರಡೆಯಾಗಿ ಕೂರುತ್ತಿತ್ತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್ ೧೮೯೨ರಲ್ಲಿ ಹಲ್ಲುಗಳುಳ್ಳ ತಗಡಿನ ಮುಚ್ಚಳಕ್ಕೆ ಹಕ್ಕುಪತ್ರ ಪಡೆದನು. ಈ ಮುಚ್ಚಳವನ್ನು ಯಂತ್ರವೇ ಒತ್ತಬಲ್ಲುದಾದುದರಿಂದ ಕೈಕೆಲಸವಾಗಿದ್ದುದು ಸಾಲುಕೆಲಸವಾಯಿತು. ಸಾಲಿನ ಒಂದು ತುದಿಯಲ್ಲಿ ಅಂಗಡಿಗಳಿಂದ ಮರಳಿ ಬಂದ ಖಾಲಿ ಸೀಸೆಗಳನ್ನು ಇಳಿಸುವರು. ಅವು ಕಾಸ್ಟಿಕ್ ಸೋಡಾ ಬೆರೆತ ಬಿಸಿನೀರಿನಲ್ಲಿ ತೊಳೆಯಲ್ಪಟ್ಟು, ಬೆಳಕಿನ ಹಲಗೆಯ ಮುಂದೆ ಹಾದು, ಪಾನೀಯ ತುಂಬಿಸಿಕೊಂಡು, ಮುಚ್ಚಳ ಹಾಕಿಸಿಕೊಂಡು ಇನ್ನೊಂದು ತುದಿಯಲ್ಲಿ ಪೆಟ್ಟಿಗೆ ಸೇರುವುವು. ನಾನಿದ್ದ ಕಾರ್ಖಾನೆಯಲ್ಲಿ ನಿಮಿಷಕ್ಕೆ ೨೪೦ ಸೀಸೆಗಳು ಹಾಯುತ್ತಿದ್ದುವು. ೬೦೦ ತುಂಬುವ ಸಾಲುಗಳೂ ಈಗ ಉಂಟು. ನೆಲ ಸದಾ ಒದ್ದೆ. ಗಾಜಿಗೆ ಗಾಜು ತಗುಲುವ ಸದ್ದಿನಲ್ಲಿ ಪಕ್ಕದವನ ಮಾತು ಕೇಳಿಸದು. ಒತ್ತಡ ತಾಳದೆ ಸೀಸೆ ಒಡೆದರೆ ಚೂರುಗಳು ಹಾರುವುವು.

೧೯೯೦ರ ದಶಕದಲ್ಲಿ ಆರು ಬೇಸಗೆಗಳ ಕಾಲ ನಾನು ಅಂಥದೊಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆನು. ಅದರ ಹೆಸರು ಇಲ್ಲಿ ಬೇಡ. ಫೆಬ್ರವರಿಯಲ್ಲಿ ಗುತ್ತಿಗೆದಾರನು ಬೆಳಗಿನ ಜಾವ ನಲವತ್ತು ಜನರನ್ನು ಬಾಗಿಲ ಮುಂದೆ ತಂದು ನಿಲ್ಲಿಸುತ್ತಿದ್ದನು. ಅವರನ್ನು ನೋಡಿ ಒಪ್ಪಿಕೊಳ್ಳುವುದು ನನ್ನ ಪಾಲಿನ ಕೆಲಸ. ನೋಡುವುದೆಂದರೆ ಏನು? ವಯಸ್ಸು ಹದಿನೆಂಟು ದಾಟಿದಂತೆ ತೋರಬೇಕು. ಇಪ್ಪತ್ತನಾಲ್ಕು ತುಂಬಿದ ಸೀಸೆಗಳ ಪೆಟ್ಟಿಗೆಯನ್ನು ಎತ್ತಿ ಹತ್ತು ಹೆಜ್ಜೆ ನಡೆಯಬೇಕು. ಅಂಟುರೋಗವಿಲ್ಲವೆಂದು ವೈದ್ಯರ ಚೀಟಿ ಇರಬೇಕು. ಇಷ್ಟಾದರೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವುದು. ಗಂಟೆಗೆ ನಲವತ್ತು ಹೆಸರು ಬರೆದೆನೆಂದು ಆಗ ನನಗೆ ಹೆಮ್ಮೆಯೇ ಇದ್ದಿತು.

ಒಂದು ವರ್ಷ ಆ ಗುಂಪಿನಲ್ಲಿ ಬಡಕಲು ಹುಡುಗನೊಬ್ಬ ಬಂದನು. ಪೆಟ್ಟಿಗೆಯನ್ನು ಒಮ್ಮೆ ಎತ್ತಿದನು. ಎರಡನೆಯ ಸಲ ಕೈ ನಡುಗಿತು. ಹಿಂದಕ್ಕೆ ಕಳುಹಿಸಲು ನನಗೆ ಮನಸ್ಸು ಬರಲಿಲ್ಲ. “ಇವನಿಗೆ ಕುಳಿತು ಮಾಡುವ ಹಗುರದ ಕೆಲಸ ಕೊಡೋಣ” ಎಂದು ಬೆಳಕಿನ ಹಲಗೆಯ ಮುಂದಿನ ಪೀಠಕ್ಕೆ ಅವನ ಹೆಸರನ್ನು ಬರೆದೆನು. ತೊಳೆದು ಬಂದ ಸೀಸೆಗಳ ಹಿಂದೆ ದೀಪ ಉರಿಯುತ್ತಿರುವುದು; ಒಡಕು, ಕೊಳೆ, ಒಳಗೆ ಸಿಕ್ಕಿಕೊಂಡ ಬೀಡಿಯ ತುಂಡು ಮುಂತಾದುವನ್ನು ಕಂಡೊಡನೆ ಅಂಥ ಸೀಸೆಯನ್ನು ಎತ್ತಿ ಬದಿಗಿಡಬೇಕು. ಇಷ್ಟೇ ಕೆಲಸ. ನಾನು ದಯೆ ತೋರಿದೆನೆಂದೇ ಭಾವಿಸಿದೆನು.

ಏಪ್ರಿಲಿನಲ್ಲಿ ಬಿಸಿಲೇರಿತು. ಬದಲಿ ಕೂರಬೇಕಾದವನು ಊರ ಹಬ್ಬಕ್ಕೆಂದು ಹೋದವನು ಮರಳಲಿಲ್ಲ. ಅರ್ಧ ಗಂಟೆಗೊಮ್ಮೆ ಏಳಬೇಕಾದ ಹುಡುಗನು ಎರಡು ಮೂರು ಗಂಟೆ ಒಂದೇ ಸಮನೆ ಕೂರಹತ್ತಿದನು. ಒಂದು ದಿನ ಅಂಗಡಿಯವನೊಬ್ಬನು ಮುಚ್ಚಳ ತೆರೆಯದ ಸೀಸೆಯೊಂದನ್ನು ತಂದು ಮೇಜಿನ ಮೇಲಿಟ್ಟನು. ತುಂಬಿದ ಪಾನೀಯದೊಳಗೆ ಹಳೆಯ ಹೀರುಕೊಳವೆಯೊಂದು ಮಡಿಸಿಕೊಂಡು ನಿಂತಿತ್ತು. ಮೇಲಿನವರು ಪಾಳಿಯ ಲೆಕ್ಕ ತೆಗೆದರು. ಹುಡುಗನ ಹೆಸರು ಸಿಕ್ಕಿತು. ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ.

ಮೂರನೆಯ ದಿನ ಅವನ ತಾಯಿ ಬಾಗಿಲಿಗೆ ಬಂದಳು.

“ಸ್ವಾಮಿ, ನನ್ನ ಮಗ ಕಳ್ಳತನ ಮಾಡಿದನೆ?”

“ಇಲ್ಲಮ್ಮ.”

“ಕುಡಿದು ಬಂದನೆ?”

“ಅದೂ ಇಲ್ಲ. ಸೀಸೆಯಲ್ಲಿ ಕಸವಿತ್ತು, ಅವನು ನೋಡಲಿಲ್ಲ.”

“ಅವನಿಗೆ ಚಿಕ್ಕಂದಿನಿಂದಲೂ ಬಲಗಣ್ಣು ಮಂಜು, ಸ್ವಾಮಿ. ಸೇರಿಸಿಕೊಳ್ಳುವಾಗ ನೀವು ಕೇಳಲಿಲ್ಲವೆ?”

ಕೇಳಿರಲಿಲ್ಲ. ಕೇಳಿದ್ದರೆ ಕೆಲಸ ತಪ್ಪೀತೆಂದು ಅವನು ಹೇಳುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ನಾನಂತೂ ಕೇಳಿರಲಿಲ್ಲ. ಆಕೆ ಉಳಿದ ಕೂಲಿಯನ್ನು ಕೇಳಿದಳು. “ಗುತ್ತಿಗೆದಾರನನ್ನು ಕೇಳಮ್ಮ” ಎಂದೆನು. ಆಕೆ ಹೊರಟುಹೋದಳು.

ಆ ಸಂಜೆ ಪಾಳಿ ಬದಲಾಗುವ ಹೊತ್ತಿನಲ್ಲಿ ನಾನೇ ಹೋಗಿ ಆ ಪೀಠದ ಮೇಲೆ ಕುಳಿತೆನು. ಮೊದಲ ಐದು ನಿಮಿಷ ಆಟದಂತಿತ್ತು. ಸೆಕೆಂಡಿಗೆ ನಾಲ್ಕು ಸೀಸೆಯಂತೆ ಅರ್ಧ ಗಂಟೆಗೆ ೭,೨೦೦ ಸೀಸೆಗಳು ಎಂದು ಲೆಕ್ಕ ಹಾಕುತ್ತ ನೋಡಿದೆನು. ಹತ್ತು ನಿಮಿಷಕ್ಕೆ ಕಣ್ಣಲ್ಲಿ ನೀರಾಡಿತು. ಇಪ್ಪತ್ತು ನಿಮಿಷಕ್ಕೆ ತಲೆಯೆತ್ತಿ ಎದುರಿನ ಗೋಡೆಯನ್ನು ನೋಡಿದರೆ ಗೋಡೆಯೇ ಹಿಂದುಮುಂದಾಗಿ ತೇಲಿದಂತೆ ತೋರಿತು. ಇದು ನನ್ನೊಬ್ಬನ ಕಣ್ಣಿನ ದೋಷವಲ್ಲ. ೧೮೩೪ರಲ್ಲಿ ರಾಬರ್ಟ್ ಆಡಮ್ಸ್ ಎಂಬವನು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ಎವೆಯಿಕ್ಕದೆ ನೋಡಿ, ಬಳಿಕ ಪಕ್ಕದ ಬಂಡೆಯನ್ನು ನೋಡಿದಾಗ ಆ ಬಂಡೆಯೇ ಮೇಲಕ್ಕೇರುವಂತೆ ಕಂಡಿತೆಂದು ಬರೆದಿಟ್ಟಿದ್ದಾನೆ. ಒಂದೇ ದಿಕ್ಕಿಗೆ ಸರಿಯುವುದನ್ನು ಬಹಳ ಹೊತ್ತು ನೋಡಿದ ಯಾವ ಕಣ್ಣಿಗಾದರೂ ಈ ಭ್ರಮೆ ತಪ್ಪದು. ನಾನು ಕುಳಿತಿದ್ದಾಗ ಮೇಲ್ವಿಚಾರಕನು ಪರೀಕ್ಷೆಗೆಂದು ಗುರುತು ಮಾಡಿದ ಮೂರು ಕೊಳಕು ಸೀಸೆಗಳನ್ನು ಸಾಲಿಗೆ ಸೇರಿಸಿದ್ದನಂತೆ. ನಾನು ಹಿಡಿದದ್ದು ಎರಡು. ನನ್ನ ಎರಡು ಕಣ್ಣುಗಳೂ ಚೆನ್ನಾಗಿದ್ದುವು, ಹೊಟ್ಟೆ ತುಂಬಿತ್ತು, ಕುಳಿತದ್ದು ಅರ್ಧ ಗಂಟೆ ಮಾತ್ರ.

ನಾನು ಹಗುರವೆಂದು ಕೊಟ್ಟ ಕೆಲಸ ಆ ಸಾಲಿನಲ್ಲೆಲ್ಲ ಅತ್ಯಂತ ಭಾರವಾದುದೆಂದು ಆಗ ತಿಳಿಯಿತು. ತಪ್ಪು ಸೀಸೆಯ ಮುಂದೆ ನಡೆದುದಲ್ಲ. ಫೆಬ್ರವರಿಯಲ್ಲಿ ನನ್ನ ಮೇಜಿನ ಮುಂದೆಯೇ ನಡೆದುಹೋಗಿತ್ತು. ಇದನ್ನು ಮೇಲಿನವರಿಗೆ ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ. ಮುಂದಿನ ವರ್ಷದಿಂದ ಪ್ರತಿಯೊಬ್ಬನ ಕಣ್ಣನ್ನೂ ಕೇಳಿ ಬರೆದುಕೊಂಡೆನು. ಬದಲಿಯವನಿಲ್ಲದೆ ಆ ಪೀಠಕ್ಕೆ ಯಾರನ್ನೂ ಕೂರಿಸಬಾರದೆಂದು ಮೇಲ್ವಿಚಾರಕನನ್ನು ಒಪ್ಪಿಸಿದೆನು. ಆದರೆ ಆ ಹುಡುಗ ಮತ್ತೆ ಬರಲಿಲ್ಲ.

ಈ ಅನುಭವದಿಂದ ನಾನು ಕಲಿತದ್ದು ಒಂದೇ ಮಾತು. ಆಳನ್ನು ಸೇರಿಸಿಕೊಳ್ಳುವಾಗ ನಡೆಯುವ ಪರೀಕ್ಷೆಗೆ ಎರಡು ಮುಖಗಳಿರಬೇಕು. ಅಂಟುರೋಗವಿಲ್ಲವೆಂಬ ಚೀಟಿ ಕುಡಿಯುವವರನ್ನು ಕೆಲಸಗಾರನಿಂದ ಕಾಪಾಡುವುದು. ಅದು ಬೇಕು. ಕೆಲಸಗಾರನನ್ನು ಕೆಲಸದಿಂದ ಕಾಪಾಡುವ ಪ್ರಶ್ನೆಯೂ ಅಷ್ಟೇ ಬೇಕು. ಅದನ್ನು ಬಿಟ್ಟರೆ ಮೊದಲನೆಯದೂ ಕೆಡುವುದೆಂಬುದಕ್ಕೆ ಆ ಸೀಸೆಯೊಳಗಿನ ಕೊಳವೆಯೇ ಸಾಕ್ಷಿ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳು ವಾಯುಮಿಶ್ರಿತ ಪಾನೀಯದ ತಯಾರಿಕೆಯನ್ನು ಅಪಾಯದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿ, ಸೀಸೆ ತುಂಬುವವರ ಮುಖ ಕೊರಳುಗಳಿಗೆ ಮರೆಯನ್ನೂ, ಕೈತೋಳುಗಳಿಗೆ ಉದ್ದನೆಯ ಗವಸುಗಳನ್ನೂ ಯಜಮಾನನೇ ಕೊಡತಕ್ಕದ್ದೆಂದು ವಿಧಿಸಿದುವು. ಆಹಾರ ಸುರಕ್ಷತೆಯ ೨೦೧೧ರ ನಿಯಮಗಳಂತೆ ಆಹಾರ ಪಾನೀಯಗಳನ್ನು ಮುಟ್ಟಿ ಕೆಲಸಮಾಡುವವರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯಾಗಬೇಕು. ಆ ಪತ್ರದಲ್ಲಿ ಕಣ್ಣಿನ ಪರೀಕ್ಷೆಯೂ ಸೇರಿದೆ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕದ ಪತ್ರವನ್ನು ಕೊಡಲೇಬೇಕೆನ್ನುತ್ತವೆ. ಹೆಚ್ಚು ಹೊತ್ತಿನ ದುಡಿಮೆಗೆ ಇಮ್ಮಡಿ ದರ ಸಲ್ಲಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿಯ ಕೂಲಿ ಕೈಸೇರಬೇಕು. ಗುತ್ತಿಗೆದಾರನು ಕೂಲಿ ಕೊಡದೆ ಹೋದರೆ ಕಾರ್ಖಾನೆಯ ಯಜಮಾನನೇ ಕೊಡಬೇಕು. ಈ ಕೊನೆಯ ಮಾತು ೧೯೭೦ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿಯೂ ಇದ್ದಿತು. ಅಂದರೆ ಆ ತಾಯಿಗೆ ನಾನು ಕೊಟ್ಟ ಉತ್ತರ ಅಂದಿನ ಕಾನೂನಿನಂತೆಯೂ ಸರಿಯಾದುದಲ್ಲ.

ಈಗ ಅನೇಕ ಕಾರ್ಖಾನೆಗಳಲ್ಲಿ ಗಾಜಿಗೆ ಬದಲು ಪ್ಲಾಸ್ಟಿಕ್ ಸೀಸೆಗಳು ಬಂದಿವೆ. ಖಾಲಿ ಸೀಸೆಗಳನ್ನು ಪರೀಕ್ಷಿಸಲು ಯಂತ್ರದ ಕಣ್ಣುಗಳೂ ಬಂದಿವೆ. ಆದರೂ ಸಿಕ್ಕಿಕೊಂಡ ಸೀಸೆಯನ್ನು ಬಿಡಿಸುವುದು, ಒದ್ದೆ ನೆಲದಲ್ಲಿ ಪೆಟ್ಟಿಗೆ ಸಾಗಿಸುವುದು, ಯಂತ್ರದ ಕಣ್ಣು ತಪ್ಪಿದುದನ್ನು ಹಿಡಿಯುವುದು ಮನುಷ್ಯನ ಪಾಲಿಗೇ ಉಳಿದಿದೆ. ಆದುದರಿಂದ ಆಳು ಸೇರಿಸುವವರಲ್ಲಿ ನನ್ನ ವಿನಂತಿಯಿಷ್ಟು: ಹೆಸರು ಬರೆಯುವ ಮೊದಲು ಆ ವ್ಯಕ್ತಿಯನ್ನು ಸಾಲಿನ ಬಳಿಗೆ ಕರೆದೊಯ್ದು, ಅವನು ಮಾಡಬೇಕಾದ ಕೆಲಸವನ್ನು ಕಣ್ಣಾರೆ ತೋರಿಸಿರಿ. ಕಣ್ಣು, ಕಿವಿ, ಬೆನ್ನುಗಳ ವಿಷಯವನ್ನು ಕೇಳಿರಿ. ನಿಜ ಹೇಳಿದರೆ ಕೆಲಸ ತಪ್ಪದು, ಜಾಗ ಮಾತ್ರ ಬದಲಾದೀತೆಂದು ಮೊದಲೇ ತಿಳಿಸಿರಿ. ಹಾಗೆ ತಿಳಿಸದಿದ್ದರೆ ಹೊಟ್ಟೆಯ ಪಾಡಿನವನು ನಿಜ ಹೇಳಲಾರನು. ಬದಲಿಯವರನ್ನು ಮೊದಲು ಗೊತ್ತುಮಾಡಿ ಆಮೇಲೆ ಪಾಳಿಯ ಪಟ್ಟಿ ಬರೆಯಿರಿ.

ಕಳುಹಿಸುವ ಮನೆಯವರೂ ಸುಮ್ಮನಿರಬಾರದು. ನಮ್ಮ ಬೀದಿಯ ಆ ಗೃಹಿಣಿಗೆ ನಾನು ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆನು. ನೇಮಕದ ಪತ್ರ ಯಾರ ಹೆಸರಿನಲ್ಲಿ ಬರುವುದು, ಕಾರ್ಖಾನೆಯದೋ ಗುತ್ತಿಗೆದಾರನದೋ? ಸಾಲಿನಲ್ಲಿ ಯಾವ ಜಾಗ, ಎಷ್ಟು ಹೊತ್ತಿಗೊಮ್ಮೆ ಬದಲಿ? ಕಣ್ಣಿಗೆ, ಕಿವಿಗೆ, ಕೈಗೆ, ಕಾಲಿಗೆ ಏನು ರಕ್ಷೆ ಕೊಡುವರು, ಅದರ ಬೆಲೆಯನ್ನು ಕೂಲಿಯಲ್ಲಿ ಹಿಡಿಯುವರೆ? ರಾತ್ರಿಯ ಪಾಳಿ ಉಂಟೆ. ಉಂಟಾದರೆ ಹುಡುಗಿಯ ಒಪ್ಪಿಗೆ ಕೇಳುವರೆ, ಮನೆ ಮುಟ್ಟಿಸುವ ವಾಹನ ಯಾರದು? ಬೇಸಗೆ ಮುಗಿದ ಮೇಲೆ ಏನು?

ಮೇಸ್ತ್ರಿ ಚೀಟಿ ನೋಡಿ, “ಇದೇನಮ್ಮ, ಮದುವೆ ಮಾತುಕತೆಯೆ?” ಎಂದು ನಕ್ಕನಂತೆ. ಆಕೆ, “ಹೆಣ್ಣು ಕೊಡುವಾಗ ಕೇಳುವಷ್ಟಾದರೂ ಹೆಣ್ಣನ್ನು ದುಡಿಮೆಗೆ ಕಳುಹಿಸುವಾಗ ಕೇಳಬೇಡವೆ?” ಎಂದಳಂತೆ. ಒಂದು ವಾರ ಅವನ ಸುಳಿವಿರಲಿಲ್ಲ. ಮೊನ್ನೆ ಬಂದು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಹೋದನು. ರಾತ್ರಿಯ ಪಾಳಿ ಇಲ್ಲ. ಅರ್ಧ ಗಂಟೆಗೊಮ್ಮೆ ಬದಲಿ ಉಂಟು. ರಕ್ಷೆಯ ಸಾಮಾನಿಗೆ ಕಾಸು ಹಿಡಿಯುವುದಿಲ್ಲ. ಬೇಸಗೆಯ ಆಮೇಲಿನ ಮಾತಿಗೆ ಉತ್ತರವಿಲ್ಲ. ಪತ್ರದ ಮಾತನ್ನು “ಕೇಳಿ ಹೇಳುತ್ತೇನೆ” ಎಂದಿದ್ದಾನೆ. ಹುಡುಗಿಗೆ ಹೋಗುವ ಮನಸ್ಸಿದೆ. ಪತ್ರ ಕೈಗೆ ಬಂದ ಮೇಲೆ ಕಳುಹಿಸುತ್ತೇನೆಂದು ತಾಯಿ ಹೇಳುತ್ತಾಳೆ. ಇದೇ ಸರಿಯೆಂದು ನಾನೂ ಹೇಳಿದ್ದೇನೆ.

ಈ ಬೇಸಗೆಯಲ್ಲಿ ನಮ್ಮ ನಿಮ್ಮ ಮನೆಗಳಿಗೆ ನೆಂಟರು ಬರುವರು. ಪಾನಕ ಮಜ್ಜಿಗೆಗಳ ಜೊತೆಗೆ ಅಂಗಡಿಯ ಸೀಸೆಯೂ ಬರುವುದು. ಅದರ ಒಳಗೆ ಕಸವಿಲ್ಲವೆಂದು ಬೆಳಕಿಗೆ ಹಿಡಿದು ನೋಡುವುದು ನನಗೆ ಈಗಲೂ ಬಿಡದ ಅಭ್ಯಾಸ. ಸೀಸೆ ಸ್ವಚ್ಛವಾಗಿಯೇ ಇರುವುದು. ಹಾಗೆ ಹಿಡಿದಾಗಲೆಲ್ಲ ಹೆಸರು ಹೊಡೆದುಹಾಕಿದ ಆ ಸಾಲು ಮಾತ್ರ ನೆನಪಾಗುವುದು.