ಕರಿಹಲಗೆ ಕಾಣದ ಹುಡುಗ

ಉಮ್ಮಚಗಿಯಲ್ಲಿ ನನ್ನ ತರಗತಿಯ ಹುಡುಗನೊಬ್ಬ ಕರಿಹಲಗೆಯ ಲೆಕ್ಕವನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಸೋಮಾರಿಯೆಂದು ಗದರಿದೆ. ಶಿರಸಿಯಲ್ಲಿ ಕಣ್ಣು ಪರೀಕ್ಷಿಸಿದಾಗ ತಿಳಿಯಿತು, ಅವನಿಗಿದ್ದದ್ದು ಸಮೀಪದೃಷ್ಟಿ. ತಪ್ಪು ನನ್ನದು.

ಕಣ್ಣುಗುಡ್ಡೆ ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಕನ್ನಡಕದ ನಿಮ್ನ ಮಸೂರ ಅದನ್ನು ಪಟಲದ ಮೇಲೆ ಬೀಳಿಸುತ್ತದೆ.

ಹಿಂದೆ ಕಣ್ಣಿನ ಚಿಕಿತ್ಸೆಯೆಂದರೆ ಡಾ. ಎಂ.ಸಿ. ಮೋದಿಯವರ ಶಿಬಿರ, ಅಜ್ಜ-ಅಜ್ಜಿಯರ ಪೊರೆ. ಈಗ, 1930ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ನೇತ್ರತಜ್ಞರ ಸಂಘದ ಸಮ್ಮೇಳನಗಳಲ್ಲಿ ಮಕ್ಕಳ ಸಮೀಪದೃಷ್ಟಿಯೂ ಚರ್ಚೆಯ ವಿಷಯ. 2050ಕ್ಕೆ ಜಗತ್ತಿನ ಅರ್ಧದಷ್ಟು ಜನರಿಗೆ ಈ ದೋಷವಿರಬಹುದೆಂದು ಸಂಶೋಧಕರ ಅಂದಾಜು.

ತಜ್ಞರ ಯೋಜನೆಗಳು ಫಲಿಸುವುದು ಮನೆಯವರು ಗಮನಿಸಿದಾಗ. ಪಾಲಕರೇ, ಮಗು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರೆ ತಪಾಸಣೆ ಮಾಡಿಸಿ. ಮಕ್ಕಳೇ, ದಿನಕ್ಕೆರಡು ತಾಸು ಬಯಲಲ್ಲಿ ಆಡಿ. ದೋಷ ಬರುವ ಸಂಭವ ಕಡಿಮೆಯಾಗುತ್ತದೆ. ಹಲಗೆ ಕಾಣದಿದ್ದರೆ ಕೈಯೆತ್ತಿ ಹೇಳಿ. ಗದರುವುದಿಲ್ಲ.