ಕೈಗೆ ಸಿಗದಿರುವ ಹಕ್ಕು

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ತನ್ನ ಜೀಪಿನಲ್ಲಿ ಕಾಶಿಗೆ ಬಂದ. ಕಲ್ಲುಮಣ್ಣಿನ ದಾರಿಯಲ್ಲೂ ನಾಲ್ಕು ಚಕ್ರಗಳೂ ಎಳೆಯುವ ಗಟ್ಟಿ ವಾಹನ. ನಾಗಪುರ, ಜಬಲ್ಪುರ, ರೀವಾಗಳನ್ನು ಹಾದು ಸುಮಾರು 1,800 ಕಿಲೋಮೀಟರಿನ ದಾರಿ. ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸುವ ಮುನ್ನ ಇದೇ ದಾರಿ ಏಳನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಹೆಸರಿನಲ್ಲಿ ವಾರಾಣಸಿಯಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡಿತ್ತು. ನಾನಿರುವ ಗಲ್ಲಿಗೆ ಜೀಪು ಬಾರದು, ಬೇನಿಯಾಬಾಗ್‌ನಲ್ಲಿ ನಿಲ್ಲಿಸಬೇಕಾಯಿತು. ಅಲ್ಲಿಯೇ ಅವನು ವಾಹನದ ನೆತ್ತಿಯ ಮೇಲೆ ಹೊಸದಾಗಿ ಕೂರಿಸಿದ ಲೋಹದ ಚೌಕಟ್ಟನ್ನು ಹೆಮ್ಮೆಯಿಂದ ತೋರಿಸಿ, “ಪೀಠ ಸಿದ್ಧ ಮಾವ, ದೇವರು ಬರೋದೊಂದೇ ಬಾಕಿ” ಎಂದ.

ದೇವರು ಎಂದರೆ ಉಪಗ್ರಹದಿಂದ ಇಂಟರ್ನೆಟ್ ಇಳಿಸುವ ಡಿಶ್. 2025ರ ಜೂನಿನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತಾಗಿನಿಂದ ಅವನು ಕಾದಿದ್ದಾನೆ. ಕಾಯುತ್ತಲೇ ಉಳಿದೆಲ್ಲವನ್ನೂ ಅಣಿಗೊಳಿಸಿದ್ದಾನೆ. ಅವನ ಲೆಕ್ಕಾಚಾರ ಚೊಕ್ಕವಾಗಿದೆ. ಹಳೆಯ ಬಗೆಯ ಸಂಪರ್ಕ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ತೋರುತ್ತವೆ. ಇವು 550 ಕಿಲೋಮೀಟರಿನ ಆಸುಪಾಸಿನಲ್ಲೇ ಓಡುತ್ತವೆ. ಆದ್ದರಿಂದ ಕೇಳಿದ್ದಕ್ಕೆ ಉತ್ತರ ಬೇಗ ಬರುತ್ತದೆ. ವಾಹನಕ್ಕೆ ಒಪ್ಪುವ ಚಿಕ್ಕ ಡಿಶ್ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, 25ರಿಂದ 40 ವಾಟ್ ವಿದ್ಯುತ್ ಬೇಡುತ್ತದೆ. ಹತ್ತು ಗಂಟೆ ನಡೆಸಿದರೆ 400 ವಾಟ್-ಗಂಟೆ. ಜೀಪಿನ 12 ವೋಲ್ಟ್, 60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದೇ 720. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀರಿದರೆ ಬೆಳಗ್ಗೆ ಎಂಜಿನ್ ಚಾಲೂ ಆಗುವ ಭರವಸೆಯಿಲ್ಲ. ಆದ್ದರಿಂದ ಹಿಂಬದಿಯಲ್ಲಿ ಎರಡನೆಯ ಬ್ಯಾಟರಿ, ಅದಕ್ಕೊಂದು ಚಾರ್ಜರ್, ಫ್ಯೂಸ್, ದಪ್ಪನೆಯ ತಂತಿ. ಅವನ ಕೈಚಳಕದಲ್ಲಿ ನನಗೆ ದೋಷ ಕಾಣಲಿಲ್ಲ.

ದೋಷ ಕಂಡದ್ದು ಕಾರಣದಲ್ಲಿ. ಮೂರು ವಾರಗಳ ಪ್ರವಾಸಕ್ಕೆ ಅವನ ಕಚೇರಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ದಿನವೂ ಸಂಜೆಯ ಸಭೆಗೆ ಹಾಜರಾಗಬೇಕು, ಸಿಗ್ನಲ್ ಇರಲಿಲ್ಲವೆಂಬ ಸಬೂಬು ಕೂಡದು. ಹೀಗಾಗಿ ಈ ಸಲ ಹೆದ್ದಾರಿಯ ಬದಿಯ ಊರುಗಳಲ್ಲೇ ತಂಗುತ್ತ ಬಂದ. ಕಾಣಬೇಕೆಂದಿದ್ದ ಪನ್ನಾದ ಕಾಡನ್ನು ಕೈಬಿಟ್ಟ. ಮುಂದಿನ ವರ್ಷ ಸ್ಪಿತಿ ಕಣಿವೆಗೆ ಹೋಗುವ ಹಂಬಲವಿದೆ. ಅಲ್ಲಿ ಸಬೂಬಿಗೆ ಎಡೆಯಿರಬಾರದೆಂದೇ ಡಿಶ್. ಅದರ ಖರ್ಚು ಅವನದೇ, ತಿಂಗಳ ಶುಲ್ಕವೂ ಅವನದೇ. ತನ್ನನ್ನು ಕಟ್ಟುವ ಹಗ್ಗವನ್ನು ಎತ್ತು ತಾನೇ ಸಂತೆಗೆ ಹೋಗಿ ಕೊಂಡು ತಂದಂತಾಯಿತು.

ಹೊರನಾಡಿನಲ್ಲಿರುವ ನಾವು ದೂರಸಂಪರ್ಕವನ್ನು ನಿಂದಿಸಿದರೆ ಕೃತಘ್ನರಾಗುತ್ತೇವೆ. ಪ್ರತಿ ರಾತ್ರಿ ಅಮ್ಮನ ದನಿ ಈ ಊರಿನಲ್ಲಿ ನನಗೆ ಕೇಳಿಸುವುದು ಅದರ ಪುಣ್ಯದಿಂದಲೇ. ಉಪಗ್ರಹದ ಋಣವಂತೂ ಕನ್ನಡ ನಾಡಿಗೆ ವಿಶೇಷವಾಗಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ನಮ್ಮ ವಿಜ್ಞಾನಿಗಳು ರೂಪಿಸಿದ ಅಗಲವಾದ ಆಂಟೆನಾ, ಊರಿಗೆಲ್ಲ ಸೇರಿ ಒಂದೇ ಪೆಟ್ಟಿಗೆ, ಅದರ ಮುಂದೆ ನೆರೆದ ಊರು. ತೆರೆಯ ಮೇಲೆ ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಏನೂ ತಲುಪದಿದ್ದ ಕಡೆಗೆ ಆಕಾಶ ಏನನ್ನೋ ತಂದುಕೊಟ್ಟ ಕಾಲವದು. ಇಂದು ಅದೇ ಆಕಾಶವನ್ನು, ಎಲ್ಲವೂ ತಲುಪಿ ಸಾಕಾಗಿ ಊರು ಬಿಟ್ಟು ಹೊರಟವನ ನೆತ್ತಿಗೆ ಕಟ್ಟುತ್ತಿದ್ದೇವೆ. ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ, ಅದನ್ನು ಕಟ್ಟುವ ಜಾಗದ ಮೇಲೆ.

ಈ ಮಾತನ್ನಾಡಲು ನನಗೇನು ಅಧಿಕಾರವೆಂದು ಕೇಳಬಹುದು. ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ತಂದೆಯ ತಿಥಿಯ ದಿನ ಹನುಮಾನ್ ಘಾಟ್‌ನ ಮೆಟ್ಟಿಲ ಮೇಲೆ ಕುಳಿತು ಎಳ್ಳುನೀರು ಬಿಡುತ್ತಿದ್ದೆ. ಪಕ್ಕದಲ್ಲಿ ಮಡಿಸಿಟ್ಟ ಅಂಗಿಯೊಳಗಿಂದ ಫೋನು ಮೊಳಗಿತು. ನಿಂತು ಮತ್ತೆ ಮೊಳಗಿತು. ದರ್ಭೆಯ ಬೆರಳಿನಲ್ಲೇ ಅದನ್ನೆತ್ತಿ, ಒದ್ದೆ ಕೈಯಿಂದ ಕಿವಿಗಿಟ್ಟೆ. ಯಾವುದೋ ಕಡತದ ಸಂಖ್ಯೆ ಬೇಕಿತ್ತಂತೆ. ಹೇಳಿದೆ. ಪುರೋಹಿತರು ಏನೂ ಅನ್ನಲಿಲ್ಲ. ಮಂತ್ರವನ್ನು ನಿಲ್ಲಿಸಿ, ನಾನು ಮುಗಿಸುವವರೆಗೆ ನದಿಯನ್ನು ನೋಡುತ್ತ ಕುಳಿತರು. ಆ ಸಂಖ್ಯೆ ಮರುದಿನ ಸಿಕ್ಕಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಕರೆದವರ ತಪ್ಪಿಗಿಂತ ಎತ್ತಿಕೊಂಡ ನನ್ನ ತಪ್ಪು ದೊಡ್ಡದೆಂದು ಈಗ ತಿಳಿದಿದೆ. ಸಂಪರ್ಕ ಇದ್ದುದರಿಂದ ನಾನು ಉತ್ತರಿಸಿದೆ. ಇಲ್ಲದಿದ್ದರೆ ಉತ್ತರಿಸುವ ಪ್ರಶ್ನೆಯೇ ಇರಲಿಲ್ಲ. ಸಿಗ್ನಲ್ ಇಲ್ಲದ ಜಾಗಗಳು ನಮ್ಮಂಥ ಪುಕ್ಕಲರ ಕೊನೆಯ ಆಸರೆ. ಅವನ್ನೂ ಅಳಿಸಿಹಾಕುವ ಸಾಧನವನ್ನು ಸ್ವಾತಂತ್ರ್ಯವೆಂದು ಕರೆಯಲು ನನ್ನಿಂದಾಗದು.

ಪ್ರತಿವಾದಗಳು ಎರಡಿವೆ. ಮೊದಲನೆಯದು ಪ್ರಾಣದ್ದು. ಜೀಪು ಪ್ರಪಾತಕ್ಕೆ ಜಾರಿದರೆ, ಕಾಲು ಮುರಿದರೆ, ಎದೆ ಹಿಡಿದರೆ? ಇದು ಗಟ್ಟಿಯಾದ ವಾದ, ತಲೆಬಾಗಿಸುತ್ತೇನೆ. ಆದರೆ ನೆರವಿಗೆ ಕೂಗಲು ಬ್ರಾಡ್‌ಬ್ಯಾಂಡ್ ಬೇಕಿಲ್ಲ. ಕಡಲಿಗಿಳಿಯುವ ಮೀನುಗಾರರಿಗಾಗಿ ಇಸ್ರೋ ರೂಪಿಸಿದ ಸಂಕಟಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದೆ: ಗುಂಡಿ ಒತ್ತಿದರೆ ದೋಣಿಯಿರುವ ಜಾಗ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಯುತ್ತದೆ. ಅದು ಸಭೆಗೆ ಕರೆಯುವುದಿಲ್ಲ. ಬೆಟ್ಟ ಹತ್ತುವವನಿಗೂ ಬೇಕಾದದ್ದು ಅಂಗೈಯಗಲದ ಇಂಥದೊಂದು ಸಾಧನವೇ. ನಮ್ಮಲ್ಲಾದರೋ ಅನುಮತಿಯಿಲ್ಲದೆ ಉಪಗ್ರಹ ಸಂಪರ್ಕ ಸಾಧನವನ್ನು ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇಂಥ ಸಾಧನ ಹೊಂದಿದ್ದಕ್ಕಾಗಿ ತಡೆದು ಪ್ರಕರಣ ದಾಖಲಿಸಲಾಯಿತು. 2008ರ ಮುಂಬೈ ದಾಳಿಕೋರರ ಬಳಿ ಉಪಗ್ರಹ ಫೋನ್ ಇತ್ತೆಂಬುದು ನಿಜ. ಭದ್ರತೆಯ ಆತಂಕ ಸುಳ್ಳಲ್ಲ. ಆದರೆ ನೋಂದಣಿ ಮಾಡಿಸಿ, ಗುರುತಿನ ಚೀಟಿ ಪಡೆದು, ದೋಣಿಗೆ ಕೊಟ್ಟಂತೆ ಚಾರಣಿಗನಿಗೂ ಕೊಡಲು ಅಡ್ಡಿಯೇನು? ಸಂಕಟದ ಕೂಗಿಗೆ ಬೀಗ ಹಾಕಿ, ಸಂಜೆಯ ಸಭೆಗೆ ಬಾಗಿಲು ತೆರೆಯುವುದು ಎಲ್ಲಿಯ ವಿವೇಕ?

ಇನ್ನೊಂದು ಮಾತು. ಪ್ರಾಣ ಉಳಿಸುವ ವಿಷಯದಲ್ಲಿ ಈ ಡಿಶ್ ಅಂಥ ಆಪ್ತಬಂಧುವೂ ಅಲ್ಲ. ಉಪಗ್ರಹಗಳು ಸದಾ ಓಡುತ್ತಿರುವುದರಿಂದ ಅದಕ್ಕೆ ಅಗಲವಾದ ಬಯಲು ಆಕಾಶ ಕಾಣಬೇಕು. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳೊಡನೆ ಸುತ್ತಿದ ದಟ್ಟ ಕಾಡುಗಳಂಥ ಕಡೆ, ಎಲೆಗಳ ಚಪ್ಪರದಡಿ ಅದು ಕುರುಡು. ಕಾಶಿಯ ಗಲ್ಲಿಯಲ್ಲೂ ಹಾಗೆಯೇ; ಎರಡು ಮಾಳಿಗೆಗಳ ನಡುವೆ ಇಲ್ಲಿ ಕಾಣುವುದು ಮೊಳದಗಲದ ಆಕಾಶ.

ಎರಡನೆಯ ವಾದ ನನ್ನ ಸೋದರಳಿಯನದೇ. “ಡಿಶ್ ಇಲ್ಲದಿದ್ದರೆ ರಜೆಯೇ ಸಿಗೋಲ್ಲ ಮಾವ. ಇದ್ದರೆ ಕೆಲಸ ಮಾಡ್ತಾ ಆದರೂ ಊರು ನೋಡಬಹುದು. ಖಾಯಂ ನೌಕರಿ ಇರೋ ನಿಮಗೆ ಇದು ಗೊತ್ತಾಗೋಲ್ಲ.” ಈ ಮಾತು ನನಗೆ ತಾಕಿತು. ನೌಕರಿಯ ಭದ್ರತೆಯ ನೆರಳಿನಲ್ಲಿ ಕುಳಿತು ಇತರರಿಗೆ ಧೈರ್ಯ ಬೋಧಿಸುವುದು ಸುಲಭ. ಆದರೂ ಅವನು ಹೇಳಿದ್ದರಲ್ಲೇ ನನ್ನ ವಾದ ಅಡಗಿದೆ. ರಜೆ ಎನ್ನುವುದು ದುಡಿದು ಗಳಿಸಿದ್ದು. ಅದನ್ನು ಪಡೆಯಲು ಸಾಧನವೊಂದನ್ನು ಕೊಳ್ಳಬೇಕಾದರೆ ನಾವು ಕೇಳಬೇಕಾದದ್ದು ಸಾಧನವನ್ನಲ್ಲ, ರಜೆಯನ್ನು. ಇಂದು ಒಬ್ಬ ಡಿಶ್ ಹಾಕಿಸಿದರೆ ನಾಳೆ ಅವನ ಸಹೋದ್ಯೋಗಿಗೆ, “ಅವನು ಹಿಮಾಲಯದಿಂದ ಸಭೆಗೆ ಬಂದ, ನೀನೇಕೆ ಬರಲಾರೆ?” ಎಂಬ ಪ್ರಶ್ನೆ ಕಾದಿರುತ್ತದೆ. ಕೆಲಸದ ವೇಳೆಯ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರಿಂದ ಕಾನೂನಿನಲ್ಲಿದೆ. ನಮ್ಮ ಲೋಕಸಭೆಯಲ್ಲಿ ಅದು ಖಾಸಗಿ ಮಸೂದೆಯಾಗಿ ಮಂಡನೆಯಾದದ್ದುಂಟು, ಕಾನೂನಾಗಲಿಲ್ಲ. ಡಿಶ್ ಯಾವಾಗ ಬರುತ್ತದೆಂದು ಕೇಳುವ ನಮ್ಮಲ್ಲಿ ಎಷ್ಟು ಜನ ಆ ಮಸೂದೆ ಏನಾಯಿತೆಂದು ಕೇಳಿದ್ದೇವೆ?

ಈ ಊರಿಗೆ ಹೊರಟವರು ಒಂದು ಕಾಲದಲ್ಲಿ ಸಾಲ ತೀರಿಸಿ, ಜಮೀನಿನ ವ್ಯವಸ್ಥೆ ಮಾಡಿ, ಊರವರಿಗೆಲ್ಲ ಹೇಳಿ ಹೊರಡುತ್ತಿದ್ದರು. ಜಂಗಮವಾಡಿ ಮಠದಲ್ಲೋ ಘಾಟಿನ ಛತ್ರದಲ್ಲೋ ತಂಗಿ, ಮರಳಿದರೆ ಗಂಗಾಸಮಾರಾಧನೆ. ನಮ್ಮ ಮದುವೆಗಳ ಕಾಶೀಯಾತ್ರೆಯ ಪ್ರಹಸನದಲ್ಲಿ ಇಂದಿಗೂ ಹೆಣ್ಣಿನ ಕಡೆಯವರು ಕೊಡೆ ಹಿಡಿದ ವರನನ್ನು ಅಡ್ಡಗಟ್ಟಿ ಕರೆತರುತ್ತಾರೆ. ಹೊರಟವನು ಕೈತಪ್ಪಿ ಹೋದಾನೆಂಬ ಭಯ ಆ ಆಟದಲ್ಲೂ ಉಳಿದಿದೆ. ಆ ಕಾಲದ ಕಷ್ಟ ಮರಳಲಿ ಎಂದು ನಾನು ಹೇಳುತ್ತಿಲ್ಲ. ಹೊರಟವನು ಕೆಲವು ದಿನ ಕೈಗೆ ಸಿಗುವುದಿಲ್ಲ ಎಂಬುದನ್ನು ಇಡೀ ಊರು ಒಪ್ಪಿಕೊಂಡಿತ್ತು. ಆ ಒಪ್ಪಿಗೆ ಮರಳಲಿ.

ಸೋದರಳಿಯ ಊರಿಗೆ ಹಿಂದಿರುಗಿದ. ಪೀಠ ಖಾಲಿಯಾಗಿಯೇ ಇದೆ. ನನ್ನ ಮಟ್ಟಿಗೆ ನಾನು ಮಾಡಬಹುದಾದದ್ದು ಚಿಕ್ಕದು. ನಮ್ಮ ರಜೆಯ ಅರ್ಜಿಯಲ್ಲಿ ‘ರಜೆಯ ಅವಧಿಯ ವಿಳಾಸ’ ಎಂಬ ಅಂಕಣವಿರುತ್ತದೆ. ಅದರ ಪಕ್ಕದಲ್ಲಿ ಫೋನ್ ಸಂಖ್ಯೆಯನ್ನು ತುಂಬುವುದು ರೂಢಿ. ಈ ಬಾರಿ ತಂದೆಯ ತಿಥಿಗೆ ಹಾಕುವ ಅರ್ಜಿಯಲ್ಲಿ ‘ಹನುಮಾನ್ ಘಾಟ್, ವಾರಾಣಸಿ’ ಎಂದಷ್ಟೇ ಬರೆಯುತ್ತೇನೆ. ಕಡತದ ಸಂಖ್ಯೆ ಬೇಕಾದವರು ಮೆಟ್ಟಿಲಿಳಿದು ಬರಲಿ.